ಷರಾ

ಇಲಿ, ಅಂದರು ಆಡಿಟ್ ಸಾಹೇಬರು, ಸೀಸೆ ನೋಡಿದ್ದೇ.
ಇಲಿ ಅಲ್ರಿ ಸರ್, ಅಂದೆ.
ಇಲಿಗೂ ಇದಕ್ಕೂ ಕೊಟ್ಟು ತಂದ ಸಂಬಂಧ ಇಲ್ಲ.
ಇದು ಕಾಂಗರೂ ಕಡೆಯವರ ಪೈಕಿ.
ಹೊಟ್ಟಿ ಮ್ಯಾಲ ಉಡಿ ಅದ, ಕನ್ನಡಕ ಏರಿಸಿ ನೋಡ್ರಿ.

ರಾಯಚೂರಿನ ಮೇ ತಿಂಗಳು.
ಫ್ಯಾನು ಅದೇ ಬಿಸಿಗಾಳಿಯನ್ನು
ರೊಟ್ಟಿಯ ಹಂಗ ಮಗುಚಿ ಹಾಕುತ್ತಿದೆ.
ಫಾರ್ಮಲಿನ್ನಿಗೆ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದಿದ್ದಾರೆ.
ಇಪ್ಪತ್ತಾರು ವರ್ಷದಿಂದ ಅದು ನನ್ನ ಸೆರಗಿನಲ್ಲಿದೆ;
ಉಣ್ಣಲು ಕೂತಾಗ ನನ್ನ ಮೌನೇಶ್ವರಿ
ಒಂದು ಮೊಳ ಆಚೆ ಸರಿಯುತ್ತಾಳೆ.

ಅವರು ಕಾಲಂ ಓದಿದರು, ನಾನು ತುಂಬಿದೆ.
ವರ್ಗ: ಸಸ್ತನಿ.
ಗಣ: ಉದ್ದ ಹೆಸರು, ಚೀಟಿಯಲ್ಲೇ ಇದೆ, ಬರಕೊಳ್ರಿ.
ಹೆಸರು: ಡನ್ನಾರ್ಟ್. ಊರು: ಆಸ್ಟ್ರೇಲಿಯ.
ಉಳಿವಿನ ಸ್ಥಿತಿ: ಅಪಾಯದಲ್ಲಿ.
ನಾಗವೇಣಿ ಮೇಡಂ ಪುಸ್ತಕ ನೋಡಿ ಬರೆಸಿದ್ದು.
ಅಲ್ಲಿ ಇದಕ್ಕೆ ಬೆಕ್ಕು ಹಾರದಂಥ ಬೇಲಿ ಇದೆಯಂತೆ,
ರಾತ್ರಿ ಬ್ಯಾಟರಿ ಹಿಡಿದು ಎಣಿಸಲು ಸಂಬಳದ ಜನ.
ಹೆಬ್ಬೆರಳಿನಷ್ಟು ಜೀವ.

ಮುಂದಿನದು?
ಪೆಟ್ಟಿಗೆ ಹದಿನಾಲ್ಕು. ಸೂಜಿಗೆ ಚುಚ್ಚಿದ ಜೀರಂಗಿ.
ಇಲ್ಲಿಯದೇ, ಮಾವಿನ ಕೆರೆ ದಂಡೆಯ ಜಾಲಿಯದು.
ಹಸಿರಾ ಅಂದರೆ ಹಸಿರಲ್ಲ, ನೀಲಿಯಾ ಅಂದರೆ ನೀಲಿಯಲ್ಲ,
ನವಿಲು ಅಡವಿಟ್ಟು ಬಿಡಿಸಿಕೊಳ್ಳದೆ ಹೋದ ಬಣ್ಣ.
ವರ್ಗ: ಕೀಟ. ಗಣ: ಗಟ್ಟಿರೆಕ್ಕೆಯವು.
ಪ್ರಭೇದ: ಚೀಟಿ ಗೆದ್ದಲು ತಿಂದಿದೆ.
ಉಳಿವಿನ ಸ್ಥಿತಿ:
ಪೆನ್ನು ನಿಂತಿತು.
ಎಣಿಸಿಲ್ರಿ, ಅಂದೆ.
ಅಂದರೆ ಬೇಕಾದಷ್ಟು ಇವೆ ಅಂತಲಾ?
ಅಂದರೆ ಎಣಿಸಿಲ್ಲ ಅಂತ, ಸರ್.

ಆ ಖಾಲಿ ಗೆರೆ ನನಗೆ ಪರಿಚಯದ್ದು.
ತಹಶೀಲ್ ಕಚೇರಿ ಕಿಟಕಿಯಿಂದ ಮಗಳ ಅರ್ಜಿ
ಮೂರು ಸಲ ಹಿಂದಕ್ಕೆ ಬಂತು.
ನಾವು ಹೇಳುವ ಜಾತಿಗೂ ಪಟ್ಟಿಯಲ್ಲಿ ಅಚ್ಚಾದ ಜಾತಿಗೂ
ಒಂದು ಕೊಂಬಿನ ವ್ಯತ್ಯಾಸ.
ನಿಮಗೇನು ಕೊಂಬು ಅದಾವೇನು ಅಂತಾರಲ್ಲ,
ಅದಾವ. ಅದಕ್ಕೇ ಹೊರಗೆ.

ಒಂದೇ ಅಡವಿಯಲ್ಲಿ ಬಿಟ್ಟರೆ ಎರಡೂ ಹೆಂಗಿರ್ತಾವ?
ಸಾಹೇಬರಿಗೆ ತಮಾಷೆ.
ಇದು ಅದನ್ನ ತಿಂತದ್ರಿ.
ನಕ್ಕರು. ನಾನೂ ನಕ್ಕೆ, ಅವರು ನಗುವಷ್ಟು ಹೊತ್ತು.

ಮೊದಲ ಮಳೆ ಬಿದ್ದ ವಾರ
ನಾವು ಹುಡುಗಿಯರು ಮುಂಗೈ ಗೀರಿಸಿಕೊಂಡು ಜಾಲಿ ಬಗ್ಗಿಸಿದ್ದು,
ಕಡ್ಡಿಪೆಟ್ಟಿಗೆಯಲ್ಲಿ ಎಲೆ ಹಾಸಿ
ಲಂಗದ ಕಿಸೆಯಲ್ಲಿಟ್ಟುಕೊಂಡು ಶಾಲೆಗೆ ಹೋದದ್ದು.
ಮಗ್ಗಿ ಹೇಳುವಾಗ ತೊಡೆಗೆ ತಾಗಿ ಒಳಗೇ ಕೆರೆಯುತ್ತಿತ್ತು.
ಸಜ್ಜೆಕಾಳಿನಂಥ ಮೊಟ್ಟೆ ಇಟ್ಟರೆ
ಇಡೀ ಓಣಿಗೆ ಬಾಣಂತನ.
ಮೂರನೇ ದಿನ ತೆರೆದರೆ ಕಾಲು ಮಡಚಿಕೊಂಡು ಮಲಗಿರುತ್ತಿತ್ತು.
ಬಣ್ಣ ಮಾತ್ರ ಹಾಗೇ.
ಎರೆಮಣ್ಣು ಕೆದರಿ ಹೂತೆವು, ಇನ್ನೊಂದು ಹಿಡಿದೆವು.
ಎಷ್ಟು?
ನಾವೂ ಎಣಿಸಲಿಲ್ಲ.

ಈಗ ಆ ಜಾಲಿಯ ಜಾಗದಲ್ಲಿ ಸೈಟಿನ ಕಲ್ಲು ನೆಟ್ಟಿದ್ದಾರೆ,
ಒಂದೊಂದಕ್ಕೂ ಕೆಂಪು ಬಣ್ಣದ ನಂಬರು.

ಕೊನೆಯ ಕಾಲಂ ಷರಾ.
ಸೀಸೆಗೆ ಬರೆದರು: ಜೋಪಾನ.
ಪೆಟ್ಟಿಗೆಗೆ: ವಿಲೇವಾರಿ.
ಸಹಿ, ತಾರೀಖು, ಚಹಾ.

ಐದು ಗಂಟೆಗೆ ಸೀಸೆಯ ಧೂಳು ಒರೆಸಿದೆ.
ಡನ್ನಾರ್ಟಿನ ಕಣ್ಣು ಯಾವಾಗಲೂ ಅರ್ಧ ತೆರೆದೇ ಇರುತ್ತದೆ,
ಪಕ್ಕದ ಮನೆಯ ಮಾತು ಕೇಳಿಸಿಕೊಳ್ಳುವವಳ ಹಾಗೆ.
ಬರ್ತೀನವ್ವ, ಅಂದೆ ಅದಕ್ಕೆ.

ಗೇಟಿನಲ್ಲಿ ಖಾಜಾಹುಸೇನ ಕೇಳಿದ,
ಉಡಿಯಾಗ ಏನ ಒಯ್ಯಾಕ ಹತ್ತಿ?
ಸೆರಗಿನ ಗಂಟು ಮುಟ್ಟಿ ನೋಡಿಕೊಂಡೆ,
ಕಡ್ಡಿಪೆಟ್ಟಿಗೆಯ ನಾಲ್ಕು ಮೂಲೆ, ನೆಟ್ಟಗೆ.
ಒಂದು, ಅಂದೆ.
ಏನ ಒಂದು?
ಒಂದು. ಬರಕೋ.